ಅಬ್ದುಲ್ ನಜೀರ್ ಸಾಬ್: ಅಧಿಕಾರವನ್ನು ಹಳ್ಳಿಗೆ ಒಪ್ಪಿಸಿದ ಶಾಸಕ

ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಅವರು ಕರ್ನಾಟಕ ವಿಧಾನ ಪರಿಷತ್ತಿನ ಸದಸ್ಯರಾಗಿದ್ದು, 1983ರಲ್ಲಿ ಅಧಿಕಾರಕ್ಕೆ ಬಂದ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಹಾಗೂ ಪಂಚಾಯತ್ ರಾಜ್ ಖಾತೆಯ ಸಚಿವರಾಗಿ ಸೇವೆ ಸಲ್ಲಿಸಿದವರು. ಗುಂಡ್ಲುಪೇಟೆ ಇಂದು ಚಾಮರಾಜನಗರ ಜಿಲ್ಲೆಗೆ ಸೇರಿದೆ. ಅವರ ಕಾಲದಲ್ಲಿ ಅದು ಮೈಸೂರು ಜಿಲ್ಲೆಯ ಗಡಿ ತಾಲ್ಲೂಕು. ಅವರ ಅಧಿಕಾರಾವಧಿ ದೀರ್ಘವಾದುದಲ್ಲ. ಆದರೂ ರಾಜ್ಯದ ಹಳ್ಳಿಗಳಲ್ಲಿ ಇಂದಿಗೂ ಹೆಸರು ಹಿಡಿದು ನೆನೆಯಲಾಗುವ ಸಚಿವರು ಬಹಳ ಮಂದಿ ಇಲ್ಲ, ಆ ಕೆಲವರಲ್ಲಿ ಇವರೊಬ್ಬರು.

ಜನರು ಅವರನ್ನು ಮೊದಲು ಅರಿತದ್ದು ನೀರಿನಿಂದ. ಎಂಬತ್ತರ ದಶಕದಲ್ಲಿ ರಾಜ್ಯವು ಮೇಲಿಂದ ಮೇಲೆ ಬರಗಾಲಕ್ಕೆ ತುತ್ತಾಯಿತು. ತೆರೆದ ಬಾವಿಗಳು ಬತ್ತಿದವು. ಹೆಣ್ಣುಮಕ್ಕಳು ಕೊಡ ಹೊತ್ತು ಮೈಲಿಗಟ್ಟಲೆ ನಡೆಯುವುದು ನಿತ್ಯದ ನೋಟವಾಯಿತು. ಆ ಸಂದರ್ಭದಲ್ಲಿ ನಜೀರ್ ಸಾಬ್ ಅವರು ಹಳ್ಳಿಹಳ್ಳಿಗೆ ಕೊಳವೆ ಬಾವಿ ಕೊರೆಸಿ ಕೈಪಂಪು ಹಾಕಿಸುವ ಕಾರ್ಯವನ್ನು ಹಗಲಿರುಳು ಬೆನ್ನುಹತ್ತಿ ಮಾಡಿಸಿದರು. ನಮ್ಮ ಕಡೆ ಅದನ್ನು ಎಲ್ಲರೂ ‘ಬೋರಿಂಗು’ ಎನ್ನುತ್ತಿದ್ದೆವು. ಅದರ ಹಿಡಿಕೆಗೆ ಜೋತುಬಿದ್ದು ನೀರು ಹೊಡೆದ ಬಾಲ್ಯ ನಮ್ಮ ತಲೆಮಾರಿನ ಅನೇಕರಿಗೆ ನೆನಪಿರಬಹುದು. ಜನರು ಸಚಿವರಿಗೆ ‘ನೀರ್ ಸಾಬ್’ ಎಂಬ ಹೆಸರಿಟ್ಟರು. ಸರ್ಕಾರ ಕೊಡುವ ಯಾವ ಪ್ರಶಸ್ತಿಯೂ ಇದಕ್ಕೆ ಸಮನಲ್ಲವೆಂಬುದು ನಮ್ಮ ಭಾವನೆ.

ಕೊಳವೆ ಬಾವಿಗಿಂತ ಆಳವಾದ ಕಾರ್ಯ ಇನ್ನೊಂದಿದೆ. ಯಾವ ಕೇರಿಯಲ್ಲಿ ಪಂಪು ಕೆಟ್ಟಿದೆ, ಯಾವ ಶಾಲೆಗೆ ಮೇಷ್ಟ್ರು ಬಂದಿಲ್ಲ ಎಂಬುದನ್ನು ವಿಧಾನಸೌಧದಲ್ಲಿ ಕುಳಿತು ಅರಿಯಲಾಗದು. ಅದನ್ನು ಅರಿತವರ ಕೈಗೇ ಹಣವನ್ನೂ ಅಧಿಕಾರವನ್ನೂ ಕೊಡಬೇಕೆಂಬುದು ಅವರ ನಿಲುವು. ಈ ನಿಲುವಿನಿಂದ ರೂಪುಗೊಂಡುದು ಜಿಲ್ಲಾ ಪರಿಷತ್ತು, ತಾಲ್ಲೂಕು ಪಂಚಾಯತ್ ಸಮಿತಿ, ಮಂಡಲ ಪಂಚಾಯತಿ ಹಾಗೂ ನ್ಯಾಯ ಪಂಚಾಯತಿಗಳ 1983ರ ಅಧಿನಿಯಮ. ಅಶೋಕ ಮೆಹ್ತಾ ಸಮಿತಿಯು 1978ರಲ್ಲಿ ಮಾಡಿದ ಶಿಫಾರಸುಗಳ ಛಾಯೆ ಅದರಲ್ಲಿತ್ತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆತದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಸಚಿವರ ತಾಳ್ಮೆ ಎಷ್ಟಿದ್ದಿರಬೇಕೆಂಬುದನ್ನು ಈ ನಾಲ್ಕು ವರ್ಷಗಳೇ ಹೇಳುತ್ತವೆ.

ಆ ಕಾಯ್ದೆಯ ಒಳಗನ್ನು ಸ್ವಲ್ಪ ನೋಡಬೇಕು. ಆಗಿನ 19 ಜಿಲ್ಲೆಗಳಿಗೂ ನೇರವಾಗಿ ಚುನಾಯಿತವಾದ ಜಿಲ್ಲಾ ಪರಿಷತ್ತುಗಳು ಬಂದವು. ಹಲವು ಹಳ್ಳಿಗಳನ್ನು ಕೂಡಿಸಿದ ಮಂಡಲ ಪಂಚಾಯತಿಗಳು ಎರಡೂವರೆ ಸಾವಿರಕ್ಕೂ ಹೆಚ್ಚು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ನೀಡಲಾಯಿತು. ಅವರ ಕೆಳಗೆ ಕೆಲಸ ಮಾಡಬೇಕಾದ ಮುಖ್ಯ ಕಾರ್ಯದರ್ಶಿಯು ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಬ್ರಿಟಿಷರ ಕಾಲದಿಂದ ಜಿಲ್ಲೆಗೆ ಜಿಲ್ಲಾಧಿಕಾರಿಯೇ ದೊರೆಯೆಂದು ನಂಬಿ ಬಂದ ನಾಡಿನಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ಶಾಲೆ, ಆರೋಗ್ಯ ಕೇಂದ್ರ, ಗ್ರಾಮೀಣ ರಸ್ತೆ, ಕುಡಿಯುವ ನೀರು ಮೊದಲಾದ ಜಿಲ್ಲಾ ಮಟ್ಟದ ಯೋಜನೆಗಳು ಹಣಸಹಿತವಾಗಿ, ನೌಕರರ ಸಹಿತವಾಗಿ ಪರಿಷತ್ತಿಗೆ ಸೇರಿದವು. ಊರಿನ ಮತದಾರರೆಲ್ಲರೂ ಸೇರುವ ಗ್ರಾಮಸಭೆಗೂ ಕಾನೂನಿನ ಸ್ಥಾನ ದೊರೆಯಿತು.

ಮಹಿಳೆಯರಿಗೆ ಶೇ. 25ರಷ್ಟು ಸ್ಥಾನಗಳನ್ನು ಮೀಸಲಿಟ್ಟುದು ಈ ಕಾಯ್ದೆಯ ಮತ್ತೊಂದು ವಿಶೇಷ. ಸಂವಿಧಾನದ 73ನೆಯ ತಿದ್ದುಪಡಿಯು ದೇಶಕ್ಕೆಲ್ಲ ಮೂರನೆಯ ಒಂದು ಭಾಗದ ಮೀಸಲಾತಿಯನ್ನು ತಂದದ್ದು 1993ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ನಮ್ಮ ನಾಡಿನ ಸಹಸ್ರಾರು ಹೆಣ್ಣುಮಕ್ಕಳು ಪಂಚಾಯತಿಯ ಸಭೆಯಲ್ಲಿ ಕುಳಿತಿದ್ದರು. ಗಂಡಂದಿರು ಹೇಳಿದಲ್ಲಿ ಸಹಿ ಹಾಕಿದವರೂ ಇದ್ದರೆಂಬುದು ನಿಜವೇ. ಆದರೆ ಕುರ್ಚಿಯೇ ಇಲ್ಲದಿದ್ದಾಗ ಆ ಪ್ರಶ್ನೆಯೂ ಏಳುತ್ತಿರಲಿಲ್ಲವಷ್ಟೆ.

ಈ ವ್ಯವಸ್ಥೆಯಿಂದ ಯಾರು ಕಳೆದುಕೊಂಡರು? ಮೊದಲನೆಯದಾಗಿ ಶಾಸಕರು. ಜಿಲ್ಲಾ ಪರಿಷತ್ತಿನಲ್ಲಿ ಅವರಿಗೆ ಸದಸ್ಯತ್ವವಿತ್ತು, ತಾಲ್ಲೂಕು ಸಮಿತಿಯ ಅಧ್ಯಕ್ಷತೆಯೂ ಇತ್ತು. ಆದರೆ ಆ ಸಮಿತಿಯ ಕೆಲಸ ಬಹುಮಟ್ಟಿಗೆ ಸಲಹೆ ಕೊಡುವುದಷ್ಟೆ. ವರ್ಗಾವಣೆ, ಕಾಮಗಾರಿ, ಫಲಾನುಭವಿಗಳ ಪಟ್ಟಿ ಇವು ಕೈತಪ್ಪಿದ ಮೇಲೆ ಶಾಸಕನ ಮನೆಯ ಮುಂದೆ ಯಾರು ನಿಲ್ಲುತ್ತಾರೆ? ಪಕ್ಷಭೇದವಿಲ್ಲದೆ ಅಸಮಾಧಾನ ಹುಟ್ಟಿತು. ತಾವೂ ಶಾಸಕರಾಗಿದ್ದು, ಶಾಸಕರ ಅಧಿಕಾರವನ್ನೇ ಕುಗ್ಗಿಸುವ ಕಾಯ್ದೆಯನ್ನು ಶಾಸಕರಿಂದಲೇ ಒಪ್ಪಿಸಿಕೊಂಡರಲ್ಲ, ನಜೀರ್ ಸಾಬ್ ಅವರ ಸಾರ್ವಜನಿಕ ಜೀವನದಲ್ಲಿ ನಾವು ಎಲ್ಲಕ್ಕಿಂತ ಮಿಗಿಲೆಂದು ಎಣಿಸುವುದು ಇದನ್ನೇ.

ಹೊಸ ವ್ಯವಸ್ಥೆ ಬೇರೂರುವುದನ್ನು ನೋಡಲು ಅವರಿಗೆ ಕಾಲ ದೊರೆಯಲಿಲ್ಲ. ಕ್ಯಾನ್ಸರ್ ರೋಗಕ್ಕೆ ಗುರಿಯಾಗಿ 1988ರ ಅಕ್ಟೋಬರ್‌ನಲ್ಲಿ ನಿಧನರಾದರು. ಮೊದಲ ಪರಿಷತ್ತುಗಳ ಅವಧಿ 1992ರಲ್ಲಿ ಮುಗಿದಾಗ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದರು. ಸಂವಿಧಾನದ ತಿದ್ದುಪಡಿಗೆ ಅನುಗುಣವಾಗಿ 1993ರಲ್ಲಿ ಹೊಸ ಕಾಯ್ದೆ ಜಾರಿಯಾಗಿ, ಮಂಡಲ ಹೋಗಿ ಗ್ರಾಮ ಪಂಚಾಯತಿ ಬಂದಿತು, ಪರಿಷತ್ತು ಹೋಗಿ ಜಿಲ್ಲಾ ಪಂಚಾಯತಿ ಬಂದಿತು. ಹೊಸದು ಹಲವು ವಿಷಯಗಳಲ್ಲಿ ಭದ್ರವಾದುದು. ಆದರೆ ಹಳೆಯ ಪರಿಷತ್ತಿಗಿದ್ದ ಸ್ವಾತಂತ್ರ್ಯ ಅದರಲ್ಲಿಲ್ಲವೆಂದು ಆ ಕಾಲವನ್ನು ಕಂಡವರು ಹೇಳುವುದುಂಟು. 2021ರಲ್ಲಿ ಅವಧಿ ಮುಗಿದ ಜಿಲ್ಲಾ ಹಾಗೂ ತಾಲ್ಲೂಕು ಪಂಚಾಯತಿಗಳಿಗೆ ವರ್ಷಗಳು ಕಳೆದರೂ ಚುನಾವಣೆ ನಡೆಯದೆ ಅಧಿಕಾರಿಗಳೇ ಆಡಳಿತ ನಡೆಸಿದ್ದನ್ನು ಓದುಗರು ಬಲ್ಲರು.

ಮೈಸೂರಿನಲ್ಲಿರುವ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಗೆ ಅಬ್ದುಲ್ ನಜೀರ್ ಸಾಬ್ ಅವರ ಹೆಸರನ್ನಿಡಲಾಗಿದೆ. ಹೊಸದಾಗಿ ಆರಿಸಿಬಂದ ಪಂಚಾಯತಿ ಸದಸ್ಯರಿಗೆ ತರಬೇತಿ ನೀಡುವ ಹೊಣೆ ಆ ಸಂಸ್ಥೆಯದು.