ಟರ್ಕಿ ನದಿಯ ದಂಡೆಯಲ್ಲೊಂದು ಬೊಹೀಮಿಯ

ಅಮೆರಿಕದ ಅಯೋವಾ ರಾಜ್ಯದಲ್ಲಿ ಸ್ಪಿಲ್‌ವಿಲ್ ಎಂಬುದೊಂದು ಹಳ್ಳಿ. ನಾನೂರರ ಆಸುಪಾಸಿನ ಜನವಸತಿ. ಸುತ್ತ ಕಣ್ಣು ಹರಿಯುವಷ್ಟು ದೂರ ಮುಸುಕಿನ ಜೋಳದ ಹೊಲ. ಮಗ್ಗುಲಲ್ಲಿ ಟರ್ಕಿ ಎಂಬ ಸಣ್ಣ ನದಿ. ಸೀಡರ್ ರ್ಯಾಪಿಡ್ಸ್ ನಗರದಲ್ಲಿ ಉದ್ಯೋಗದಲ್ಲಿರುವ ಮಗನ ಮನೆಗೆ 2018ರಲ್ಲಿ ನಾನು ಹೋಗಿದ್ದಾಗ, ಒಂದು ಭಾನುವಾರ ಅವನೂ ಅವನ ಎಂಟು ವರ್ಷದ ಮಗನೂ ನನ್ನನ್ನು ಅಲ್ಲಿಗೆ ಕರೆದೊಯ್ದರು. 1860ರಲ್ಲಿ ಕಟ್ಟಿದ ಸಂತ ವೆನ್ಸೆಸ್ಲಾಸನ ಇಗರ್ಜಿಯ ಸುತ್ತ ಗೋರಿಗಳ ಸಾಲು. ಹಲವಕ್ಕೆ ಕಲ್ಲಿನ ಬದಲು ಎರಕದ ಕಬ್ಬಿಣದ ಶಿಲುಬೆ. ಹಳೆಯ ಸಾಲುಗಳ ಬರಹವೆಲ್ಲ ಜೆಕ್ ಭಾಷೆಯಲ್ಲಿ. ಲಿಪಿ ರೋಮನ್ನೇ, ಆದರೆ ಅಕ್ಷರಗಳ ತಲೆಯ ಮೇಲೆ ನಮ್ಮ ತಲೆಕಟ್ಟನ್ನು ನೆನಪಿಸುವ ಕೊಕ್ಕೆಗಳು. ಮುಂದಿನ ಸಾಲುಗಳಿಗೆ ಬಂದಂತೆ ಮನೆತನದ ಹೆಸರುಗಳು ಅವೇ ಇದ್ದು, ಉಳಿದುದೆಲ್ಲ ಇಂಗ್ಲಿಷಾಗುತ್ತದೆ. ಶಾಸನಗಳ ಪಾಠ ಹೇಳಿ ಕೂದಲು ನರೆತ ನನಗೆ ಆ ಸಾಲುಗಳ ನಡುವೆ ನಡೆಯುವಾಗ ಒಂದು ಬಗೆಯ ಕಸಿವಿಸಿಯಾಯಿತು. ಮೊಮ್ಮಗ “ಇದು ಯಾವ ಭಾಷೆ?” ಎಂದು ಕೇಳಿದ. ಕೇಳಿದ್ದು ಇಂಗ್ಲಿಷಿನಲ್ಲಿ.

ಈ ಜನರು ಬಂದದ್ದು ಬೊಹೀಮಿಯ, ಮೊರಾವಿಯ ಎಂಬ ಸೀಮೆಗಳಿಂದ. 1620ರ ಬಿಳಿಬೆಟ್ಟದ ಕದನದಲ್ಲಿ ಸೋತ ಮೇಲೆ ಆ ನಾಡು ಹ್ಯಾಬ್ಸ್‌ಬರ್ಗ್ ದೊರೆಗಳ ಮುಷ್ಟಿಗೆ ಸಿಕ್ಕಿತು. ಕಚೇರಿಯೂ ವಿದ್ಯೆಯೂ ಕಾಲಕ್ರಮದಲ್ಲಿ ಜರ್ಮನ್ ನುಡಿಯ ಪಾಲಾದವು. ಜೆಕ್ ನುಡಿ ಬಹುಮಟ್ಟಿಗೆ ಹಳ್ಳಿಗರ ನಾಲಗೆಯ ಮೇಲೆ ಉಳಿದುಕೊಂಡಿತು. ಆ ಹಳ್ಳಿಗರಾದರೋ 1848ರವರೆಗೆ ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಯಬೇಕಾಗಿದ್ದವರು. ಆ ಬಿಟ್ಟಿಗೆ ಅವರ ಮಾತಿನಲ್ಲಿ ‘ರೊಬೊತ’ ಎಂದು ಹೆಸರು. ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕದಿಂದ ಲೋಕವೆಲ್ಲ ಹಬ್ಬಿದ ‘ರೋಬೋ’ ಎಂಬ ಪದ ಇದರ ಸಂತಾನವೇ. ನನ್ನ ಮಗ ಯಂತ್ರಗಳ ನಡುವೆ ದಿನವೂ ಆಡುವ ಮಾತಿನೊಳಗೆ ಜೆಕ್ ರೈತನ ಬೆವರು ಅಡಗಿದೆಯೆಂದು ತಿಳಿಸಿದಾಗ ಅವನಿಗೆ ನಂಬಿಕೆಯೇ ಬರಲಿಲ್ಲ.

1848ರ ಕ್ರಾಂತಿ ಬಿಟ್ಟಿಯನ್ನು ತೊಡೆಯಿತು; ಬಡತನವನ್ನು ತೊಡೆಯಲಿಲ್ಲ. ತುಂಡು ನೆಲದ ಒಕ್ಕಲುಗಳು, ಚಕ್ರವರ್ತಿಯ ದಂಡಿಗೆ ಮಕ್ಕಳನ್ನು ಕೊಡಲೊಲ್ಲದ ತಂದೆತಾಯಿಗಳು, ಕ್ರಾಂತಿಯಲ್ಲಿ ಕೈಯಿಟ್ಟು ನೆಲೆ ತಪ್ಪಿದ ಕೆಲವರು ವಿದ್ಯಾವಂತರು ಬ್ರೆಮನ್ ಮೊದಲಾದ ಬಂದರುಗಳಲ್ಲಿ ಹಡಗು ಹತ್ತಿದರು. 1914ರ ಮಹಾಯುದ್ಧದ ಹೊತ್ತಿಗೆ ಹೀಗೆ ಅಮೆರಿಕಕ್ಕೆ ಹೋದವರು ಮೂರು ಲಕ್ಷಕ್ಕೂ ಮಿಕ್ಕಿದ್ದರು. ವಿಸ್ಕಾನ್ಸಿನ್, ಅಯೋವಾ, ನೆಬ್ರಾಸ್ಕ, ಟೆಕ್ಸಸ್ ಪ್ರಾಂತಗಳ ಬಯಲುಗಳಲ್ಲಿ ಬೇಸಾಯಕ್ಕೆ ನಿಂತವರು ಅನೇಕರು. ಚಿಕಾಗೋ ನಗರದಲ್ಲಿ ತಮ್ಮ ಊರಿನ ನೆನಪಿಗಾಗಿ ‘ಪಿಲ್ಸೆನ್’ ಎಂಬ ಪೇಟೆಯನ್ನೇ ಕಟ್ಟಿಕೊಂಡವರು ಕೆಲವರು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಇವರು ಬಿಟ್ಟುಬಂದ ‘ದೇಶ’ವೆಂಬುದು ಅಂದಿನ ಭೂಪಟದಲ್ಲಿ ಸ್ವತಂತ್ರವಾಗಿ ಇರಲಿಲ್ಲ. ಸರ್ಕಾರದ ಲೆಕ್ಕಕ್ಕೆ ಇವರು ಆಸ್ಟ್ರಿಯದ ಪ್ರಜೆಗಳು. ತಮ್ಮೊಳಗೆ ಮಾತ್ರ ಇವರು ಬಿಟ್ಟುಬಂದ ನಾಡನ್ನು ‘ಸ್ತಾರೀ ಕ್ರಾಯ್’ ಎಂದು ಕರೆದುಕೊಳ್ಳುತ್ತಿದ್ದರು. ಕನ್ನಡದಲ್ಲಿ ‘ಹಳೆಯ ಸೀಮೆ’ ಎನ್ನಬಹುದು. ದೊರೆಯಿಲ್ಲದ, ಗಡಿಯಿಲ್ಲದ ಆ ಸೀಮೆಗೆ ಇದ್ದ ಗುರುತೆಂದರೆ ಭಾಷೆ, ಹಾಡು, ಹಬ್ಬದ ಅಡುಗೆ ಇಷ್ಟೇ.

1893ರ ಜೂನ್ 5ರಂದು ಸ್ಪಿಲ್‌ವಿಲ್ಲಿಗೆ ಒಬ್ಬ ಅತಿಥಿ ಬಂದನು: ಸಂಗೀತಕಾರ ಆಂಟೊನಿನ್ ದ್ವೊರ್ಜಾಕ್. ಬೊಹೀಮಿಯದ ನೆಲಹೊಜೆವೆಸ್ ಎಂಬ ಹಳ್ಳಿಯ ಕಟುಕನೂ ಛತ್ರದವನೂ ಆಗಿದ್ದವನ ಮಗ. ಆಗ ಯೂರೋಪೆಲ್ಲ ಬಲ್ಲ ಹೆಸರು. ಹಿಂದಿನ ವರ್ಷವಷ್ಟೇ ನ್ಯೂಯಾರ್ಕಿನ ರಾಷ್ಟ್ರೀಯ ಸಂಗೀತ ವಿದ್ಯಾಲಯವು ವರ್ಷಕ್ಕೆ 15,000 ಡಾಲರುಗಳ ಸಂಬಳ ಕೊಟ್ಟು ಅವನನ್ನು ಕರೆಸಿಕೊಂಡಿತ್ತು. ‘ಹೊಸ ಲೋಕದಿಂದ’ ಎಂಬ ಸಿಂಫನಿಯನ್ನು ಮೇ ತಿಂಗಳಲ್ಲಿ ಮುಗಿಸಿದ್ದ. ಬೇಸಿಗೆಯ ರಜೆಗೆ ಊರಿಗೆ ಹೋಗಬೇಕೆಂದಿದ್ದವನ ಮನಸ್ಸನ್ನು ತಿರುಗಿಸಿದವನು ಅವನ ಸಹಾಯಕ ಯೋಸೆಫ್ ಕೊವಾರ್ಝಿಕ್. ಅವನು ಸ್ಪಿಲ್‌ವಿಲ್ಲಿನ ಜೆಕ್ ಉಪಾಧ್ಯಾಯನ ಮಗ. ಊರಿಗೆ ಹೋಗುವ ಬದಲು ದ್ವೊರ್ಜಾಕ್ ಮಕ್ಕಳನ್ನು ಊರಿನಿಂದ ಇಲ್ಲಿಗೇ ಕರೆಸಿಕೊಂಡ.

ಆ ಬೇಸಿಗೆಯ ಕಥೆಯನ್ನು ನಾನು ಎಷ್ಟು ಸಲ ಓದಿದರೂ ದಣಿಯಲಾರೆ. ನಸುಕಿನಲ್ಲೇ ಎದ್ದು ನದಿಯ ದಂಡೆಯಲ್ಲಿ ಅಲೆಯುವನು. ಬಳಿಕ ಇಗರ್ಜಿಗೆ ಬಂದು ಪೂಜೆಯ ವೇಳೆ ತಾನೇ ಆರ್ಗನ್ ನುಡಿಸುವನು. ಹಳೆಯ ಸೀಮೆಯ ಸ್ತೋತ್ರಗಳಿಗೆ ಮುದುಕ ಮುದುಕಿಯರು ದನಿಗೂಡಿಸುವರು. ಅವರನ್ನು ಕುರಿತು ಅವನು ಪತ್ರವೊಂದರಲ್ಲಿ ಬರೆದದ್ದರ ಸಾರಾಂಶ ಇದು: ಪೀಸೆಕ್, ತಾಬೊರ್, ಬುದ್ಯೆಯೊವಿತ್ಸೆ ಕಡೆಗಳಿಂದ ಸುಮಾರು ನಲವತ್ತು ವರ್ಷಗಳ ಹಿಂದೆ ಬಂದ ಕಡುಬಡವರು ಇವರು; ಬಹಳ ಪಾಡುಪಟ್ಟು ಈಗ ಚೆನ್ನಾಗಿದ್ದಾರೆ. ಬಂದ ಮೂರನೆಯ ದಿನವೇ, ಜೂನ್ 8ರಂದು, ಒಂದು ತಂತಿವಾದ್ಯ ಚತುಷ್ಕದ ಕರಡಿಗೆ ತೊಡಗಿ ಮೂರೇ ದಿನಗಳಲ್ಲಿ ಅದನ್ನು ಪೂರೈಸಿದ. ‘ಅಮೆರಿಕನ್’ ಎಂದು ಖ್ಯಾತವಾದ ಕೃತಿ ಅದು. ಅಷ್ಟು ವೇಗಕ್ಕೆ ಕಾರಣ ಮಾತೃಭಾಷೆಯ ಗಾಳಿ ಕಿವಿಗೆ ಬಿದ್ದದ್ದೇ ಎಂದು ನನ್ನ ಎಣಿಕೆ. ಸಂಗೀತಜ್ಞರು ಬೇರೆ ಹೇಳಬಹುದು. ಆದರೆ ಅದೇ ಮನುಷ್ಯ ಆ ಬಯಲಿನ ಕೊನೆಯಿಲ್ಲದ ಬರಿದುತನ ಕೆಲವೊಮ್ಮೆ ಹತಾಶೆ ಹುಟ್ಟಿಸುವಷ್ಟು ದುಃಖಕರವೆಂದೂ ಬರೆದಿದ್ದಾನೆ. ಒಂದು ಬೇಸಿಗೆಯ ಅತಿಥಿಗೆ ಹೀಗೆನಿಸಿದರೆ ನಲವತ್ತು ಚಳಿಗಾಲಗಳನ್ನು ಕಳೆದವರಿಗೆ ಏನೆನಿಸಿರಬೇಡ? 1895ರ ಏಪ್ರಿಲ್‌ನಲ್ಲಿ ಅವನು ಬೊಹೀಮಿಯಕ್ಕೆ ಮರಳಿ ಹೋದ. ಅವನೊಡನೆ ಹಾಡಿದ ಮುದುಕರು ಇಗರ್ಜಿಯ ಮಗ್ಗುಲಲ್ಲೇ ಇದ್ದಾರೆ.

ಆ ಚಳಿಗಾಲಗಳ ಸಂಕಟವನ್ನು ಸಾಹಿತ್ಯದಲ್ಲಿ ತಿಳಿಯಬೇಕೆಂಬವರು ವಿಲ್ಲಾ ಕ್ಯಾಥರ್ 1918ರಲ್ಲಿ ಪ್ರಕಟಿಸಿದ ‘ಮೈ ಆಂಟೋನಿಯಾ’ ಕಾದಂಬರಿಯನ್ನು ಓದಬೇಕು. ಅದರಲ್ಲಿ ಬೊಹೀಮಿಯದಿಂದ ನೆಬ್ರಾಸ್ಕಕ್ಕೆ ಬಂದ ಶಿಮೆರ್ಡ ಎಂಬ ತಂದೆ ಊರಿನಲ್ಲಿ ಪಿಟೀಲು ನುಡಿಸುತ್ತಿದ್ದವನು. ಹೊಸ ನಾಡಿನಲ್ಲಿ ಅದನ್ನು ಮುಟ್ಟಲೊಲ್ಲನು. ಮೊದಲ ಚಳಿಗಾಲದಲ್ಲೇ ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳುವನು. ಕ್ಯಾಥರ್ ಬಾಲ್ಯದಲ್ಲಿ ಬಲ್ಲ ಜೆಕ್ ಕುಟುಂಬವೊಂದರ ಕಥೆಯೇ ಇದಕ್ಕೆ ಆಧಾರ.

ಅದೇ 1918ರ ಮೇ ತಿಂಗಳಲ್ಲಿ ಚರಿತ್ರೆ ಒಂದು ವಿಚಿತ್ರ ಆಟವಾಡಿತು. ಮೇ 23ರಂದು ಅಯೋವಾದ ಗವರ್ನರ್ ವಿಲಿಯಂ ಹಾರ್ಡಿಂಗ್ ಒಂದು ಘೋಷಣೆ ಹೊರಡಿಸಿ, ಶಾಲೆಯಲ್ಲಿ, ರೈಲಿನಲ್ಲಿ, ಟೆಲಿಫೋನಿನಲ್ಲಿ, ಸಾರ್ವಜನಿಕ ಪೂಜೆಯಲ್ಲಿ ಕೂಡ ಇಂಗ್ಲಿಷಲ್ಲದೆ ಬೇರೆ ಭಾಷೆ ಕೂಡದೆಂದು ವಿಧಿಸಿದನು. ಗುರಿ ಜರ್ಮನ್ ನುಡಿಯಾದರೂ ಏಟು ಎಲ್ಲರಿಗೂ ಬಿತ್ತು. ಒಂದೇ ವಾರ ಕಳೆದು, ಮೇ 30ರಂದು, ಪಿಟ್ಸ್‌ಬರ್ಗಿನಲ್ಲಿ ಮಸಾರಿಕನ ಸಮ್ಮುಖದಲ್ಲಿ ಅಮೆರಿಕದ ಜೆಕ್ ಮತ್ತು ಸ್ಲೋವಾಕ್ ಸಂಘಗಳ ಪ್ರತಿನಿಧಿಗಳು ಕೂಡಿ, ಇನ್ನೂ ಹುಟ್ಟದ ಒಂದು ದೇಶವನ್ನು ಕುರಿತು ಒಪ್ಪಂದ ಮಾಡಿಕೊಂಡರು. ಅಕ್ಟೋಬರ್ 18ರಂದು ವಾಷಿಂಗ್ಟನ್ನಿನಲ್ಲಿ ಸ್ವಾತಂತ್ರ್ಯದ ಘೋಷಣೆ ಹೊರಟಿತು. 28ರಂದು ಪ್ರಾಗ್ ನಗರದಲ್ಲಿ ಚೆಕೊಸ್ಲೊವಾಕಿಯ ಉದಯಿಸಿತು. 1834ರ ನಾಟಕವೊಂದರಲ್ಲಿ ಕುರುಡ ಪಿಟೀಲುಗಾರನು ತನ್ನ ಮನೆ ಎಲ್ಲಿದೆಯೆಂದು ಕೇಳುವ ಹಾಡು ಆ ದೇಶದ ರಾಷ್ಟ್ರಗೀತೆಗೆ ಮೊದಲ ಭಾಗವಾಯಿತು. ಹಳೆಯ ಸೀಮೆ ಭೂಪಟಕ್ಕೆ ಏರಿದ ವರ್ಷವೇ ಅಯೋವಾದ ತಾಯಂದಿರು ಮಕ್ಕಳಿಗೆ ರಸ್ತೆಯಲ್ಲಿ ಮೆಲ್ಲಗೆ ಮಾತನಾಡಲು ಕಲಿಸಬೇಕಾಯಿತು! ಡಿಸೆಂಬರಿನಲ್ಲಿ ಆ ಘೋಷಣೆ ರದ್ದಾಯಿತೇನೋ ನಿಜ. ಒಮ್ಮೆ ತಗ್ಗಿದ ದನಿ ಹಾಗೆ ರದ್ದಾಗುವುದಿಲ್ಲ.

ಟೆಕ್ಸಸಿನಲ್ಲಿ ಮೊರಾವಿಯದ ಆಡುನುಡಿ ಹೆಚ್ಚು ಕಾಲ ಬಾಳಿತು. ಯೂರೋಪಿನಲ್ಲಿ ಶಾಲೆ, ಪತ್ರಿಕೆ, ರೇಡಿಯೋಗಳಿಂದ ಭಾಷೆ ಮಾರ್ಪಡುತ್ತಿದ್ದಾಗ ಇವರ ನಾಲಗೆಯ ಮೇಲೆ ಅಜ್ಜಂದಿರ ಕಾಲದ ರೂಪಗಳು ಉಳಿದವು. ನಡುನಡುವೆ ಇಂಗ್ಲಿಷಿನ ‘ಕಾರ್’ ‘ಕಾರ’ ಆಗಿ ಸೇರಿತು. ಅಲ್ಲಿನ ವಿಶ್ವವಿದ್ಯಾಲಯ ಆ ಮಾತಿನ ಧ್ವನಿಮುದ್ರಣಗಳನ್ನು ಜೋಪಾನ ಮಾಡಿದೆ.

ಭಾಷೆ ಹೋದಲ್ಲಿಯೂ ಉಳಿದುಕೊಂಡದ್ದು ‘ಕೊಲಾಚ್’ ಎಂಬ ಸಿಹಿ ರೊಟ್ಟಿ. ಜೆಕ್ ವ್ಯಾಕರಣದಲ್ಲಿ ಒಂದಾದರೆ ಕೊಲಾಚ್, ಹಲವಾದರೆ ಕೊಲಾಚೆ. ಅಮೆರಿಕದಲ್ಲಿ ಬಹುವಚನವೇ ಏಕವಚನವಾಗಿ, ಅದಕ್ಕೆ ಮತ್ತೊಂದು ಇಂಗ್ಲಿಷ್ ಬಹುವಚನ ಸೇರಿ ‘ಕೊಲಾಚೀಸ್’ ಆಗಿದೆ. ನಗಬೇಕಾಗಿಲ್ಲ, ನಾವು ‘ಲೇಡೀಸುಗಳು’ ಎನ್ನುವುದಿಲ್ಲವೇ?

ಸೀಡರ್ ರ್ಯಾಪಿಡ್ಸಿನಲ್ಲಿ ನದಿಯ ಬದಿಗೆ ಜೆಕ್ ಪೇಟೆಯಿದೆ. ಅಲ್ಲಿನ ವಸ್ತುಸಂಗ್ರಹಾಲಯವನ್ನು 1995ರಲ್ಲಿ ಅಧ್ಯಕ್ಷ ಕ್ಲಿಂಟನ್, ಜೆಕ್ ದೇಶದ ಹಾವೆಲ್, ಸ್ಲೊವಾಕಿಯದ ಕೊವಾಚ್ ಮೂವರೂ ಬಂದು ಉದ್ಘಾಟಿಸಿದ್ದರು. 2008ರ ಜೂನ್ ಪ್ರವಾಹ ಪೇಟೆಯನ್ನೂ ಅದನ್ನೂ ಮುಳುಗಿಸಿತು. ಊರಿನವರು 2011ರಲ್ಲಿ ಕಟ್ಟಡವನ್ನೇ ಇಡಿಯಾಗಿ ಎತ್ತರದ ಜಾಗಕ್ಕೆ ಸರಿಸಿ, ಮರುವರ್ಷ ಬಾಗಿಲು ತೆರೆದರು. ಸ್ಪಿಲ್‌ವಿಲ್ಲಿನಿಂದ ಬಂದ ಮಾರನೆಯ ದಿನ ನಾವು ಆ ಪೇಟೆಯಲ್ಲಿ ಕೊಲಾಚ್ ಕೊಂಡೆವು. ಮಾರುತ್ತಿದ್ದ ಹುಡುಗಿಯನ್ನು ಆ ಪದದ ಅರ್ಥವೇನೆಂದು ಕೇಳಿದೆ. ಅವಳಿಗೆ ತಿಳಿಯದು, ಮಾಡುವ ಕ್ರಮ ಮಾತ್ರ ಮುತ್ತಜ್ಜಿಯದೆಂದಳು. ನಡುವೆ ಕರಿಯ ಹೂರಣ ತುಂಬಿದ ಒಂದನ್ನು ಮೊಮ್ಮಗ ಕಚ್ಚಿದ. ಒಂದು ಕ್ಷಣ ಅಗಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದ. ಬಂದಾಗಿನಿಂದ ನನ್ನೊಡನೆ ಇಂಗ್ಲಿಷನ್ನೇ ಆಡುತ್ತಿದ್ದ ಹುಡುಗ.

“ಗಸಗಸೆ!” ಎಂದ.