ಏಲಕ್ಕಿ ಬೆಳೆಯದ ಊರಿನ ಏಲಕ್ಕಿ ಹಾರ

ಮಲೆನಾಡಿನ ಸೊಬಗು ಕಾಣಲು ಹೊರಟವರು ಹಾವೇರಿಯನ್ನು ದಾಟಿ ಹೋಗುವುದೇ ಹೆಚ್ಚು. ಇಳಿದವರೂ ಚಾಲುಕ್ಯರ ಕಾಲದ ಸಿದ್ಧೇಶ್ವರ ದೇವಾಲಯ, ರಾಣೆಬೆನ್ನೂರಿನ ಕೃಷ್ಣಮೃಗಗಳು, ಬ್ಯಾಡಗಿಯ ಕೆಂಪು ಮೆಣಸಿನಕಾಯಿ ರಾಶಿ ನೋಡಿ ಮರಳುತ್ತಾರೆ. ಹಾವೇರಿಯ ಏಲಕ್ಕಿ ಹಾರದ ಹಿಂದಿನ ಕಥೆಯನ್ನು ಕೇಳುವವರು ಕಡಿಮೆ.

‘ಏಲಕ್ಕಿ ಕಂಪಿನ ನಾಡು’ ಎನಿಸಿಕೊಂಡ ಈ ಬಯಲಿನಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಅದು ಘಟ್ಟದ ಬೆಳೆ. ಹಿಂದೆ ಘಟ್ಟದಿಂದ ಬಂದ ಕಾಯಿಯನ್ನು ಇಲ್ಲಿನ ಬಾವಿಯ ನೀರಿನಲ್ಲಿ ಅಂಟುವಾಳದ ನೊರೆ ಬೆರೆಸಿ ತೊಳೆದು, ಒಣಗಿಸಿ, ಬಣ್ಣ ತಿಳಿಯಾದ ಮೇಲೆ ದೂರದ ಪೇಟೆಗಳಿಗೆ ಕಳಿಸುತ್ತಿದ್ದರು. 19ನೇ ಶತಮಾನದ ಬ್ರಿಟಿಷ್ ದಾಖಲೆಗಳಲ್ಲೂ ಈ ಕಸುಬಿನ ಉಲ್ಲೇಖವಿದೆ. ಕಾಲಕ್ರಮೇಣ ಆ ವ್ಯಾಪಾರ ಇಳಿಯಿತು. ಆದರೆ ಊರಿನ ಹೆಸರಿಗೆ ಅಂಟಿದ ಕಂಪು ಉಳಿಯಿತು.

ಅದನ್ನು ಉಳಿಸಿದ್ದು ಹಾರ. ರೇಷ್ಮೆ ಎಳೆ, ಝರಿ ಹೆಣೆಯುವ ಪಟವೇಗಾರ ಕಸುಬಿನ ಮುಸ್ಲಿಂ ಮನೆತನದವರು ಏಲಕ್ಕಿಯನ್ನು ಒಂದೊಂದಾಗಿ ಪೋಣಿಸಿ ಹಾರ ಕಟ್ಟುತ್ತಾ ಬಂದಿದ್ದಾರೆ. ಅದು ಮದುವೆ ಮನೆಗೂ ಹೋಗುತ್ತದೆ, ಗಣ್ಯರ ಕೊರಳಿಗೂ ಬೀಳುತ್ತದೆ.

2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಮುಸ್ಲಿಂ ಲೇಖಕರಿಗೆ ತಕ್ಕ ಸ್ಥಾನ ಸಿಗಲಿಲ್ಲವೆಂಬ ಟೀಕೆ ಎದ್ದಿತ್ತು. ಕನ್ನಡ ಯಾರದೆಂಬ ಪ್ರಶ್ನೆಗೆ ಈ ಊರು ಬಹಳ ಹಿಂದೆಯೇ ಉತ್ತರ ಕೊಟ್ಟಿತ್ತು. ಘಟ್ಟದ ಕಾಯಿ, ಬಯಲಿನ ನೀರು, ಪಟವೇಗಾರರ ಬೆರಳು ಇವು ಮೂರೂ ಕೂಡಿದ್ದರಿಂದಲೇ ಹಾವೇರಿಗೆ ಆ ಹೆಸರು ಬಂತು. ಹಾರ ಹಾಕಿಸಿಕೊಳ್ಳುವ ನಾವು ಕಟ್ಟಿದ ಕೈಗಳನ್ನು ಮರೆಯಬಾರದು.