‘ಎಲ್ಲವೂ ಸೇರಿ’ ಎಂದರೆ ಏನೇನು ಸೇರಿ? ಸೂಪಾ ಸೀಮೆಯ ಅಗ್ಗದ ರೆಸಾರ್ಟ್‌ಗೆ ಹೊರಡುವ ಮುನ್ನ

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕನ್ನು ಹಳಬರು ಇಂದಿಗೂ ಸೂಪಾ ಎಂದೇ ಕರೆಯುತ್ತಾರೆ. ಕಾಳಿ ಮತ್ತು ಪಾಂಡ್ರಿ ನದಿಗಳ ಸಂಗಮದಲ್ಲಿದ್ದ ಸೂಪಾ ಊರು 1980ರ ದಶಕದಲ್ಲಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿತು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಸ್ಥಳಾಂತರಗೊಂಡಿತು, ಮನೆ ಕಳೆದುಕೊಂಡ ಹಲವರು ರಾಮನಗರದ ಪುನರ್ವಸತಿ ಕೇಂದ್ರ ಸೇರಿದರು. ಇಂದು ಅದೇ ಅಣೆಕಟ್ಟೆಯ ಕೆಳಗೆ, ಗಣೇಶಗುಡಿಯಿಂದ ದಾಂಡೇಲಿಯವರೆಗೆ, ಕಾಳಿ ನದಿಯ ಆಸುಪಾಸಿನಲ್ಲಿ ರೆಸಾರ್ಟ್, ಹೋಂ ಸ್ಟೇ ಮತ್ತು ಟೆಂಟ್‌ಗಳು ಸಾಲುಗಟ್ಟಿವೆ. ವಾರಾಂತ್ಯ ಬಂತೆಂದರೆ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಗಳಿಂದ ಬರುವ ವಾಹನಗಳಿಗೆ ಲೆಕ್ಕವಿಲ್ಲ.

ಇವುಗಳಲ್ಲಿ ಬಹುಪಾಲು ನಡೆಯುವುದು ‘ಪ್ಯಾಕೇಜ್’ ಲೆಕ್ಕದಲ್ಲಿ. ಊಟ, ವಸತಿ, ಆಟ ಎಲ್ಲವನ್ನೂ ಒಂದೇ ದರದಲ್ಲಿ ಸೇರಿಸುವ ಈ ಪದ್ಧತಿ ಜಗತ್ತಿಗೆ ಹೊಸದಲ್ಲ. 1950ರಲ್ಲಿ ಸ್ಪೇನ್‌ನ ಮಯೋರ್ಕಾ ದ್ವೀಪದಲ್ಲಿ ಟೆಂಟ್‌ಗಳನ್ನು ಹಾಕಿ ಆರಂಭವಾದ ‘ಕ್ಲಬ್ ಮೆಡಿಟರೇನಿ’ಯೇ ಇದರ ಮೂಲವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಆದರೆ ವಿದೇಶಗಳ ಇಂತಹ ವಿಹಾರಧಾಮಗಳಲ್ಲಿ ದಿನವಿಡೀ ಊಟ, ಪಾನೀಯಗಳೆಲ್ಲ ದರದೊಳಗೇ ಬರುವುದು ವಾಡಿಕೆ. ದಾಂಡೇಲಿಯ ‘ಎಲ್ಲವೂ ಸೇರಿ’ ಅದಲ್ಲ. ಇಲ್ಲಿನ ಲೆಕ್ಕ ಹೆಚ್ಚಾಗಿ ಇಪ್ಪತ್ತೆರಡು ತಾಸಿನದು. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಪ್ರವೇಶ, ಒಂದು ಊಟ, ಸಂಜೆ ಚಹಾ ಮತ್ತು ಕುರುಕಲು, ರಾತ್ರಿ ಊಟ, ಮರುದಿನ ಉಪಾಹಾರ, ಹತ್ತು ಗಂಟೆಗೆ ನಿರ್ಗಮನ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು ಬೆಳಗಿನ ಆರಕ್ಕೆ ಇಳಿಯುವವರು, ಕೊಠಡಿ ಸಿಗುವವರೆಗಿನ ಆರು ತಾಸನ್ನು ಎಲ್ಲಿ ಕಳೆಯುವುದೆಂಬುದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.

ದರ ಕೊಠಡಿಗಲ್ಲ, ತಲೆಗೆ. ಜಾಹೀರಾತಿನಲ್ಲಿ ಕಾಣುವ ಕನಿಷ್ಠ ಮೊತ್ತ ಸಾಮಾನ್ಯವಾಗಿ ನಾಲ್ಕೈದು ಮಂದಿ ಒಂದೇ ಕೊಠಡಿ ಅಥವಾ ಟೆಂಟ್ ಹಂಚಿಕೊಂಡಾಗಿನದು. ದಂಪತಿಗೆ ಪ್ರತ್ಯೇಕ ಕೊಠಡಿ ಬೇಕೆಂದರೆ, ಶನಿವಾರವಾದರೆ, ಹವಾನಿಯಂತ್ರಣ ಬೇಕೆಂದರೆ ಮೊತ್ತ ಏರುತ್ತದೆ. ತೆರಿಗೆ ಒಳಗೋ ಹೊರಗೋ, ಮಕ್ಕಳಿಗೆ ಎಷ್ಟು, ವಾಹನ ಚಾಲಕರ ಊಟ-ವಸತಿಗೆ ಏನು ವ್ಯವಸ್ಥೆ ಎಂಬ ಪ್ರಶ್ನೆಗಳಿಗೆ ಫೋನಿನಲ್ಲಿ ಕೇಳಿದ ಉತ್ತರಕ್ಕಿಂತ ಬರಹದಲ್ಲಿ ತರಿಸಿಕೊಂಡ ಉತ್ತರ ಮೇಲು.

ನೀರು ಯಾರ ಕೈಯಲ್ಲಿದೆ?

ಬಹುತೇಕರು ಇಲ್ಲಿಗೆ ಬರುವುದು ರಾಫ್ಟಿಂಗ್‌ಗಾಗಿ. ಅತಿ ಹೆಚ್ಚು ನಿರಾಶೆ ಹುಟ್ಟುವುದೂ ಅಲ್ಲಿಯೇ. ಮಳೆಗಾಲ ಕಳೆದ ಮೇಲೆ ಗಣೇಶಗುಡಿಯ ಕೆಳಗೆ ಕಾಳಿ ಭೋರ್ಗರೆಯುವುದು ತನ್ನಷ್ಟಕ್ಕೆ ತಾನಲ್ಲ. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆ ಸುಮಾರು 145 ಟಿಎಂಸಿ ಅಡಿ ನೀರನ್ನು ಹಿಡಿದಿಡಬಲ್ಲದು. ಅದರ ಬುಡದಲ್ಲಿರುವ ಕರ್ನಾಟಕ ವಿದ್ಯುತ್ ನಿಗಮದ ತಲಾ 50 ಮೆಗಾವಾಟ್ ಸಾಮರ್ಥ್ಯದ ಎರಡು ಘಟಕಗಳು ತಿರುಗಿದಾಗ ಮಾತ್ರ ನದಿಗೆ ರಾಫ್ಟ್ ತೇಲಿಸುವಷ್ಟು ನೀರು ಬರುತ್ತದೆ. ರಾಜ್ಯದ ವಿದ್ಯುತ್ ಬೇಡಿಕೆ ತಗ್ಗಿದರೆ ಅಥವಾ ನೀರನ್ನು ಬೇಸಿಗೆಗೆ ಉಳಿಸಿಕೊಳ್ಳಬೇಕಾದರೆ ಘಟಕಗಳು ನಿಲ್ಲುತ್ತವೆ, ಬಂಡೆಗಳು ಬಯಲಾಗುತ್ತವೆ. ಹೀಗಾಗಿ ಯಾವ ರೆಸಾರ್ಟ್‌ ಮಾಲೀಕನೂ ಇಂತಹ ದಿನ ರಾಫ್ಟಿಂಗ್ ಇದ್ದೇ ಇರುತ್ತದೆಂದು ಭರವಸೆ ಕೊಡಲಾರ. ಕೊಟ್ಟರೆ ಅನುಮಾನಿಸಬೇಕು. ನಡೆಯದಿದ್ದಲ್ಲಿ ಹಣ ಮರಳುವುದೇ, ಬದಲಿ ಆಟವೇ ಎಂದು ಕೇಳುವುದೇ ಜಾಣತನ.

ರಾಫ್ಟಿಂಗ್ ಎಂಬ ಒಂದೇ ಹೆಸರಿನಲ್ಲಿ ಎರಡು ಸರಕುಗಳಿರುವುದೂ ಗಮನಾರ್ಹ. ಗಣೇಶಗುಡಿಯಿಂದ ಮೌಳಂಗಿಯ ಕಡೆಗೆ ಸಾಗುವ, ಸುಮಾರು ಒಂಬತ್ತು ಕಿಲೋಮೀಟರ್‌ನ ದೀರ್ಘ ಯಾನ ಒಂದು. ಅರ್ಧ ತಾಸಿನೊಳಗೆ ಮುಗಿಯುವ ಕಿರು ಯಾನ ಇನ್ನೊಂದು. ಅಗ್ಗದ ಪ್ಯಾಕೇಜ್‌ನಲ್ಲಿ ಸೇರಿರುವುದು ಸಾಮಾನ್ಯವಾಗಿ ಎರಡನೆಯದು, ಕೆಲವೊಮ್ಮೆ ಅದೂ ಇಲ್ಲ. ಪಟ್ಟಿಯಲ್ಲಿ ಹದಿನೈದು ಆಟಗಳಿದ್ದರೆ ಕಯಾಕ್, ಜೋರ್ಬಿಂಗ್, ‘ನೈಸರ್ಗಿಕ ಜಕೂಜಿ’ಗಳ ಜೊತೆಗೆ ಕೇರಂ, ಶಟಲ್ ಮತ್ತು ಉಯ್ಯಾಲೆಗಳೂ ಆ ಎಣಿಕೆಯಲ್ಲಿರುತ್ತವೆ! ಜಕೂಜಿಯೆಂದರೆ ಬಂಡೆಗಳ ನಡುವಿನ ಸೆಳೆತದಲ್ಲಿ ಕುಳಿತು ಮೈಯೊಡ್ಡುವುದು. ಖರ್ಚಿಲ್ಲದ ಈ ಆಟವೇ ಹಲವರಿಗೆ ಅತ್ಯಂತ ಪ್ರಿಯವೆಂಬುದು ಬೇರೆ ಮಾತು.

ಅಗ್ಗವೆಂದು ರಾಜಿ ಮಾಡಿಕೊಳ್ಳಬಾರದ ವಿಷಯ ಸುರಕ್ಷತೆ. 2022ರ ಏಪ್ರಿಲ್‌ನಲ್ಲಿ ಗಣೇಶಗುಡಿ ಬಳಿ ಮಿತಿಮೀರಿ ಪ್ರವಾಸಿಗರನ್ನು ತುಂಬಿಕೊಂಡಿದ್ದ ರಾಫ್ಟ್ ಒಂದು ಅಪಾಯಕ್ಕೆ ಸಿಲುಕಿ, ಅದರಲ್ಲಿದ್ದವರನ್ನು ರಕ್ಷಿಸಬೇಕಾಯಿತು. ಜಲಕ್ರೀಡೆಗಳಿಗೆ ಕೆಲಕಾಲ ತಡೆಯೂ ಬಿತ್ತು. ಜೀವರಕ್ಷಕ ಕವಚದ ಪಟ್ಟಿಗಳು ಸರಿಯಾಗಿ ಬಿಗಿಯುತ್ತವೆಯೇ, ಹೆಲ್ಮೆಟ್ ಇದೆಯೇ, ತರಬೇತಾದ ಮಾರ್ಗದರ್ಶಿ ಇದ್ದಾನೆಯೇ ಎಂದು ನೋಡಿಯೇ ಹತ್ತಬೇಕು. ಜನ ಹೆಚ್ಚಾದರೆ ಇಳಿದುಬಿಡಬೇಕು, ಹಣ ಹೋದರೂ ಚಿಂತೆಯಿಲ್ಲ. ಘಟಕಗಳು ಯಾವಾಗ ಚಾಲೂ ಆಗುತ್ತವೆಂಬುದು ದಂಡೆಯಲ್ಲಿ ನಿಂತವರಿಗೆ ತಿಳಿಯದು. ಆದ್ದರಿಂದ ಸ್ಥಳೀಯರನ್ನು ಕೇಳದೆ ನದಿಗಿಳಿಯುವುದು ಸಲ್ಲದು.

ಹುಲಿ ಪ್ಯಾಕೇಜ್‌ನಲ್ಲಿಲ್ಲ

1956ರಲ್ಲಿ ಘೋಷಿತವಾದ ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಿಂದ ಅದರ ಹೆಸರು ಕಾಳಿ. ಸಫಾರಿ ಅರಣ್ಯ ಇಲಾಖೆಯ ವ್ಯವಸ್ಥೆ, ಶುಲ್ಕ ಬಹುತೇಕ ಪ್ರತ್ಯೇಕ. ನಾಗರಹೊಳೆ, ಬಂಡೀಪುರಗಳಂತೆ ಇಲ್ಲಿ ಪ್ರಾಣಿಗಳು ಸುಲಭವಾಗಿ ಕಾಣವು, ಕಾಡು ಅಷ್ಟು ದಟ್ಟ. ಕರಿಚಿರತೆಯ ಚಿತ್ರ ಫಲಕದಲ್ಲಿರುತ್ತದೆ, ದಾರಿಯಲ್ಲಿರುವುದಿಲ್ಲ. ಆದರೆ ಮಂಗಟ್ಟೆ ಹಕ್ಕಿಯ ನಾಲ್ಕು ಪ್ರಭೇದಗಳಿರುವ ಈ ಕಾಡಿನಲ್ಲಿ ಮುಂಜಾನೆ ಕತ್ತೆತ್ತಿ ನೋಡುವವರಿಗೆ ಹೆಚ್ಚಾಗಿ ನಿರಾಶೆಯಾಗದು, ಅದಕ್ಕೆ ಶುಲ್ಕವೂ ಬೇಕಿಲ್ಲ.

ಊಟ ಬಫೆ. ಅನ್ನ, ಸಾರು, ಚಪಾತಿ, ಒಂದು ಪನೀರ್ ಪಲ್ಯ, ಒಂದು ಕೋಳಿ ಪದಾರ್ಥ. ಹೊಟ್ಟೆ ತುಂಬುತ್ತದೆ, ನೆನಪಿನಲ್ಲಿ ಉಳಿಯುವುದು ಅಪರೂಪ. ಜೋಯಿಡಾದ ಕುಣಬಿಗಳು ಬೆಳೆಯುವ ಗಡ್ಡೆ-ಗೆಣಸುಗಳ ವೈವಿಧ್ಯ ನಾಡಿನ ಗಮನ ಸೆಳೆದಿದ್ದರೂ ರೆಸಾರ್ಟ್‌ನ ಮೇಜಿಗೆ ಅವು ಬಂದಿಲ್ಲವೆಂಬುದು ಸೋಜಿಗ. ಆ ರುಚಿ ಬೇಕಾದವರು ಸ್ಥಳೀಯ ಕುಟುಂಬ ನಡೆಸುವ ಹೋಂ ಸ್ಟೇ ಹುಡುಕಿ ಮುಂಚಿತವಾಗಿ ಹೇಳಿಡಬೇಕು. ಬಿಸಿನೀರು ಬೆಳಗಿನ ಒಂದೆರಡು ತಾಸು ಮಾತ್ರ, ಮೊಬೈಲ್ ಸಂಪರ್ಕ ಹಲವೆಡೆ ಕ್ಷೀಣ. ವಿದ್ಯುತ್ ಉತ್ಪಾದಿಸುವ ಸೀಮೆಯಲ್ಲೇ ವಿದ್ಯುತ್ ಕೈಕೊಡುವುದೂ ಉಂಟು. ಇನ್ನು ಶನಿವಾರ ರಾತ್ರಿಯ ಡಿಜೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸಬಾರದೆಂಬ 2000ನೇ ಇಸವಿಯ ನಿಯಮ ಕಾಡಿನಂಚಿಗೂ ಅನ್ವಯಿಸುತ್ತದೆ. ನಿಶ್ಶಬ್ದ ಬಯಸುವವರು ವಾರದ ನಡುವೆ ಬರುವುದು ಲೇಸು, ದರವೂ ತುಸು ಇಳಿದಿರುತ್ತದೆ.

ಹೆಚ್ಚು ಕೊಡಲು ಸಿದ್ಧರಿರುವವರಿಗೆ ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆಯ ಕಾಳಿ ಸಾಹಸ ಶಿಬಿರ ದಾಂಡೇಲಿಯಲ್ಲಿದೆ, ಪಕ್ಷಿಪ್ರಿಯರಿಗೆ ಗಣೇಶಗುಡಿಯಲ್ಲಿ ಓಲ್ಡ್ ಮ್ಯಾಗಜಿನ್ ಹೌಸ್ ಇದೆ. ಅರಣ್ಯ ಇಲಾಖೆಯ ಕುಳಗಿ ಪ್ರಕೃತಿ ಶಿಬಿರ ದಾಂಡೇಲಿಯಿಂದ ಹನ್ನೆರಡು ಕಿಲೋಮೀಟರ್ ದೂರ.

ಮುಂಗಡ ಕಳುಹಿಸುವ ಮುನ್ನ ಜಾಗದ ನಿಖರ ವಿಳಾಸ ಪಡೆಯಿರಿ. ಹೆಸರಿನಲ್ಲಿ ದಾಂಡೇಲಿ ಇದ್ದರೂ ಎಷ್ಟೋ ತಾಣಗಳು ಪಟ್ಟಣದಿಂದ ಇಪ್ಪತ್ತು-ಮೂವತ್ತು ಕಿಲೋಮೀಟರ್ ಆಚೆ ಇವೆ. ನದಿ ದಂಡೆ ಎಂದವರನ್ನು ಎಷ್ಟು ನಿಮಿಷದ ನಡಿಗೆ ಎಂದು ಕೇಳಿ. ದಾಂಡೇಲಿ ಧಾರವಾಡದಿಂದ ಸುಮಾರು 55, ಹುಬ್ಬಳ್ಳಿಯಿಂದ ಸುಮಾರು 75 ಕಿಲೋಮೀಟರ್. ಮಳೆಗಾಲದಲ್ಲಿ ರಾಫ್ಟಿಂಗ್ ಸಾಮಾನ್ಯವಾಗಿ ಇರುವುದಿಲ್ಲ, ಕಾಡಿನ ಹಾದಿಯಲ್ಲಿ ಉಂಬಳಗಳಿರುತ್ತವೆ. ಆದರೂ ಹಸಿರು ಮತ್ತು ಮಳೆಯನ್ನಷ್ಟೇ ನೋಡಬಂದವರಿಗೆ ಕೊಠಡಿ ಸುಲಭವಾಗಿ ಸಿಗುವ ಕಾಲವದು.